ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ಮಕ್ಕಳು ಎಲ್ಲಿ ಹಾಕಿಕೊಳ್ಳಬೇಕು, ಎಲ್ಲಿ ತೆಗೆಯಬೇಕು?

ಪಿಯುಸಿ ಓದುವ ಮಗಳು ಬೇಲೂರಿನಲ್ಲಿ ಬಸ್ಸು ಹತ್ತುವಾಗ ಹಾಕಿಕೊಂಡ ಹೆಡ್‌ಫೋನ್ ಹಾಸನದಲ್ಲಿ ಇಳಿದರೂ ಕಿವಿಯ ಮೇಲೇ ಇರುತ್ತದೆ. ಸಂಜೆ ಓದಲು ಕೂತಾಗಲೂ ಅಷ್ಟೇ. ಹಾಡೂ ಇರುವುದಿಲ್ಲ, ಮನೆಯ ಸದ್ದು ಕೇಳಿಸದಿದ್ದರೆ ಸಾಕು. ‘ಕಿವಿ ಹಾಳಾಗುತ್ತೆ, ತೆಗಿಯೇ’ ಎಂದು ತಾಯಿ. ‘ಇದು ಸದ್ದು ಕಮ್ಮಿ ಮಾಡೋದಮ್ಮ’ ಎಂದು ಮಗಳು. ಈ ಜಗಳದಲ್ಲಿ ಮಗಳದೂ ಪೂರ್ತಿ ತಪ್ಪಲ್ಲ.

ಈ ಹೆಡ್‌ಫೋನಿನಲ್ಲಿರುವ ಪುಟ್ಟ ಮೈಕು ಹೊರಗಿನ ಸದ್ದನ್ನು ಹಿಡಿಯುತ್ತದೆ. ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಒಳಗೆ ಹುಟ್ಟಿಸಿದಾಗ ಎರಡೂ ಸೇರಿ ಸದ್ದು ಅಡಗುತ್ತದೆ. ಬಸ್ಸಿನ ಎಂಜಿನ್, ಫ್ಯಾನು, ಪಂಪ್‌ಸೆಟ್‌ನಂಥ ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಹಾರ್ನ್, ಮಾತು, ತಟ್ಟೆ ಬಿದ್ದ ಸದ್ದಿಗೆ ಅಷ್ಟಾಗಿ ನಡೆಯದು. ಈ ವಿರುದ್ಧ ಅಲೆಯೇ ಕಿವಿಗೆ ಪೆಟ್ಟು ಕೊಡುತ್ತದೆ ಎಂಬುದು ಸುಳ್ಳು.

ಹಾಗಾದರೆ ಆತಂಕ ಬಂದದ್ದು ಎಲ್ಲಿಂದ? 2025ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಕೆಲವು ಶ್ರವಣ ತಜ್ಞರು ಬಿಬಿಸಿಯ ವರದಿಯೊಂದರಲ್ಲಿ ಒಂದು ಅನುಮಾನ ಮುಂದಿಟ್ಟರು. ಕಿವಿ ಸರಿಯಿದ್ದರೂ ಗದ್ದಲದಲ್ಲಿ ಮಾತು ಅರ್ಥವಾಗುತ್ತಿಲ್ಲ ಎಂದು ಬರುವ ಯುವಜನರ ಸಂಖ್ಯೆ ಹೆಚ್ಚುತ್ತಿದೆ, ಇದಕ್ಕೆ ಈ ಹೆಡ್‌ಫೋನುಗಳ ಅತಿಬಳಕೆಯೂ ಕಾರಣವಿರಬಹುದೇ ಎಂದು. ಇದು ಸಾಬೀತಾಗಿಲ್ಲ. ಆದರೆ ಅನುಮಾನಕ್ಕೆ ಆಧಾರವಿದೆ. ಒಳಗಿವಿ ಮಗು ಹುಟ್ಟುವಷ್ಟರಲ್ಲೇ ಬೆಳೆದಿರುತ್ತದೆ; ಗದ್ದಲದ ನಡುವೆ ಬೇಕಾದ ಮಾತನ್ನು ಹೆಕ್ಕಿ ತೆಗೆಯುವ ಮಿದುಳಿನ ಕೌಶಲ ಮಾತ್ರ ಹದಿಹರೆಯದವರೆಗೂ ಪಳಗುತ್ತಿರುತ್ತದೆ. ದೊಡ್ಡವರು ಒಂದೆರಡು ವಾರ ಸತತವಾಗಿ ಇಯರ್‌ಪ್ಲಗ್ ಹಾಕಿಕೊಂಡರೂ ಸಣ್ಣ ಸದ್ದೇ ಜೋರೆನಿಸತೊಡಗುತ್ತದೆ, ತೆಗೆದ ಮೇಲೆ ಮೊದಲಿನಂತಾಗುತ್ತದೆ ಎಂಬುದು ಪ್ರಯೋಗಗಳಲ್ಲಿ ಕಂಡ ಸಂಗತಿ. ಹೀಗಿರುವಾಗ ಹೆಡ್‌ಫೋನನ್ನು ಕಿತ್ತಿಡುವುದಕ್ಕಿಂತ ಅದನ್ನು ಹಾಕಿಕೊಳ್ಳುವ ಜಾಗ, ಹೊತ್ತುಗಳನ್ನು ಗೊತ್ತುಮಾಡುವುದೇ ಒಳ್ಳೆಯದು.

1. ಮೊದಲು ಒಂದು ವಾರ ಸುಮ್ಮನೆ ಗಮನಿಸಿ. ಬಸ್ಸು, ಓದಿನ ಮೇಜು, ಊಟ, ಮಲಗುವ ಹೊತ್ತು: ಎಲ್ಲೆಲ್ಲಿ ಎಷ್ಟು ಗಂಟೆ ಎಂದು ಮಕ್ಕಳೇ ಬರೆದಿಡಲಿ. ನೀವು ಬರೆದರೆ ಅದು ಚಾಡಿ ಪಟ್ಟಿಯಾಗುತ್ತದೆ.

2. ವಾಲ್ಯೂಮನ್ನು ಬಸ್ಸಿನಲ್ಲೇ ಹೊಂದಿಸಿ. ಕಿವಿಯನ್ನು ಖಚಿತವಾಗಿ ಕೆಡಿಸುವುದು ಜೋರು ಸದ್ದೇ; ಒಳಗಿವಿಯ ಕೂದಲಿನಂಥ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಬಸ್ಸು ಊರು ದಾಟಿ ವೇಗ ಹಿಡಿದ ಮೇಲೆ ನಾಯ್ಸ್ ಕ್ಯಾನ್ಸಲಿಂಗ್ ಆನ್ ಮಾಡಿ, ಸೊನ್ನೆಯಿಂದ ಒಂದೊಂದೇ ಗೆರೆ ಏರಿಸುತ್ತ ಹೋಗಲಿ. ಹಾಡಿನ ಸಾಲು ಸ್ಪಷ್ಟವಾದಲ್ಲಿ ನಿಲ್ಲಿಸಿ ಗೆರೆ ಎಣಿಸಲಿ. ಈಗ ನಾಯ್ಸ್ ಕ್ಯಾನ್ಸಲಿಂಗ್ ಆಫ್ ಮಾಡಿ ಅಷ್ಟೇ ಸ್ಪಷ್ಟವಾಗಲು ಇನ್ನೆಷ್ಟು ಗೆರೆ ಬೇಕೆಂದು ನೋಡಲಿ. ಆ ವ್ಯತ್ಯಾಸವೇ ಈ ಹೆಡ್‌ಫೋನಿನಿಂದಾಗುವ ಲಾಭ. ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಕೂರುವವರಿಗಂತೂ ಸಾದಾ ಇಯರ್‌ಫೋನಿಗಿಂತ ಇದೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಆನ್ ಮಾಡಿಯೂ ವಾಲ್ಯೂಮ್ ತುದಿಗೇರಿಸುವವರಿಗೆ ಮಾತ್ರ ಯಾವ ಲಾಭವೂ ಇಲ್ಲ.

ಗರಿಷ್ಠ ವಾಲ್ಯೂಮಿನ ಶೇ 60 ದಾಟಬೇಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಡೆಸಿಬಲ್ ಎಂದರೆ ಸದ್ದಿನ ಜೋರಿನ ಅಳತೆ. ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು, ಮಕ್ಕಳು 75 ಡೆಸಿಬಲ್ ಸದ್ದನ್ನು ಅಷ್ಟೇ ಹೊತ್ತು. ಸದ್ದು 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧಕ್ಕಿಳಿಯುತ್ತದೆ: ದೊಡ್ಡವರಿಗೂ 83ಕ್ಕೆ 20 ಗಂಟೆ, 86ಕ್ಕೆ 10. ಐಫೋನಿನಲ್ಲಿ ಹೆಡ್‌ಫೋನ್ ಸೇಫ್ಟಿ, ಸ್ಯಾಮ್‌ಸಂಗ್‌ನಲ್ಲಿ ಮೀಡಿಯಾ ವಾಲ್ಯೂಮ್ ಲಿಮಿಟ್ ಎಂಬ ಸೆಟ್ಟಿಂಗ್ ಇದೆ. ಒಮ್ಮೆ ಮಿತಿ ಹಾಕಿಟ್ಟರೆ ದಿನಾ ಬೈಯುವ ಕೆಲಸ ತಪ್ಪುತ್ತದೆ.

3. ರಸ್ತೆಗಿಳಿದರೆ ಕಿವಿಯಿಂದ ಕೆಳಗೆ. ಹಾಸನದ ಬಿ.ಎಂ. ರಸ್ತೆ ದಾಟುವಾಗ, ಸ್ಕೂಟಿ ಮೇಲೆ, ರೈಲ್ವೆ ಹಳಿಯ ಹತ್ತಿರ, ಹೊರಗಿನ ಸದ್ದನ್ನು ಒಳಬಿಡುವ ಟ್ರಾನ್ಸ್‌ಪರೆನ್ಸಿ ಮೋಡ್ ಕೂಡ ಬೇಡ.

4. ಮನೆಯಲ್ಲಿ ಕಿವಿಗೆ ಕೆಲಸ ಕೊಡಿ. ಪರೀಕ್ಷೆ ಹತ್ತಿರವಿದ್ದು ಪಕ್ಕದ ಮನೆಯಲ್ಲಿ ಗಾರೆ ಕೆಲಸ ನಡೆಯುತ್ತಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಲಿ, ಬೇಡವೆನ್ನಬೇಡಿ. ಫ್ಯಾನಿನ ಸದ್ದು, ಅಜ್ಜಿಯ ಮಾತಿನ ನಡುವೆ ಓದುವುದೂ ಒಂದು ಅಭ್ಯಾಸವೇ. ಮದುವೆ ಮನೆ, ಜಾತ್ರೆ, ಕ್ಲಾಸಿನ ಗದ್ದಲದಲ್ಲಿ ಮಾತಾಡಿಕೊಳ್ಳುವುದರಿಂದಲೇ ಕಿವಿ ಪಳಗುವುದು.

5. ಮನೆಯಲ್ಲೇ ಒಂದು ಪುಟ್ಟ ಪರೀಕ್ಷೆ ಮಾಡಿ. ಇದು ರೋಗಪತ್ತೆಯಲ್ಲ, ಸುಳಿವು ಮಾತ್ರ. ನಲ್ಲಿ ಸುರಿಯುತ್ತಿರಲಿ, ಟಿವಿ ಓಡುತ್ತಿರಲಿ. ಮಗುವಿನ ಬೆನ್ನ ಹಿಂದೆ, ತುಟಿ ಕಾಣದಂತೆ ನಿಂತು ‘ಹಿತ್ತಲಿಂದ ನಾಲ್ಕು ಎಸಳು ಕರಿಬೇವು, ಎರಡು ನಿಂಬೆಹಣ್ಣು ತಾ’ ಎನ್ನಿ. ಬೇರೆ ಬೇರೆ ದಿನ ಹೀಗೆ ಏನಾದರೂ ಹೇಳಿ ನೋಡಿ. ‘ಕೇಳಿಸ್ತು, ಏನಂದ್ರಿ ಅಂತ ಗೊತ್ತಾಗ್ಲಿಲ್ಲ’ ಎಂಬ ಉತ್ತರವೇ ಪದೇಪದೇ ಬಂದರೆ, ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಮೇಷ್ಟ್ರ ಪಾಠ ಹಿಂದಿನ ಬೆಂಚಿಗೆ ತಲುಪದಿದ್ದರೆ ತೋರಿಸಿ. ಬಿಸಿ ಎಣ್ಣೆ ಬಿಡಲು ಹೋಗಬೇಡಿ.

6. ಹಾಸನದ ಸರ್ಕಾರಿ ವೈದ್ಯಕೀಯ ಸಂಸ್ಥೆ ಹಿಮ್ಸ್‌ನಂಥ ಆಸ್ಪತ್ರೆಯ ಇಎನ್‌ಟಿ (ಕಿವಿ, ಮೂಗು, ಗಂಟಲು) ವಿಭಾಗಕ್ಕೆ ಹೋದರೆ ಮೊದಲು ಗುಗ್ಗೆ ನೋಡುತ್ತಾರೆ. ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ಆಡಿಯೋಗ್ರಾಮ್. ಒಂದು ವಿಷಯ ನೆನಪಿರಲಿ: ಆಡಿಯೋಗ್ರಾಮ್ ಅಳೆಯುವುದು ನಿಶ್ಶಬ್ದ ಕೋಣೆಯಲ್ಲಿ ಎಷ್ಟು ಸಣ್ಣ ಸದ್ದು ಕೇಳುತ್ತದೆ ಎಂಬುದನ್ನು. ಅದು ನಾರ್ಮಲ್ ಎಂದು ಬಂದೂ ಗದ್ದಲದಲ್ಲಿ ಮಾತು ಹಿಡಿಯಲಾಗದಿದ್ದರೆ, ಶ್ರವಣ ಸಂಸ್ಕರಣೆಯ, ಅಂದರೆ ಕೇಳಿದ್ದನ್ನು ಮಿದುಳು ಹೇಗೆ ಅರ್ಥಮಾಡಿಕೊಳ್ಳುತ್ತದೆ ಎಂದು ನೋಡುವ, ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಈ ಪರೀಕ್ಷೆಯಲ್ಲಿ ಮಾತುಗಳನ್ನೇ ಬಳಸುವುದರಿಂದ ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲೇ ಮಾಡಿಸುವುದು ಮುಖ್ಯ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂಥ ಸಮಸ್ಯೆಗಳಿಗೆಂದೇ ಇರುವ ಸಂಸ್ಥೆ. ಹೋಗುವಾಗ ಮಕ್ಕಳು ಬರೆದಿಟ್ಟ ಆ ವಾರದ ಪಟ್ಟಿ, ಹಳೆಯ ಆಡಿಯೋಗ್ರಾಮ್, ಚಿಕ್ಕಂದಿನಲ್ಲಿ ಕಿವಿ ಸೋರಿದ್ದರೆ ಅದರ ಚೀಟಿ ಜೊತೆಗಿರಲಿ.