ಆನ್‌ಲೈನ್ ಆರ್ಡರ್ ಕಳಿಸೋ ಸಣ್ಣ ಗೋಡೌನ್‌ನಲ್ಲಿ ಯಾವ್ದನ್ನ ಎಲ್ಲಿಡ್ಬೇಕು

ಚಟ್ನಿಪುಡಿ, ಹಪ್ಪಳ, ಉಪ್ಪಿನಕಾಯಿ ಆನ್‌ಲೈನ್‌ನಲ್ಲಿ ಮಾರೋರು ಎಷ್ಟೋ ಜನ ಮನೆ ರೂಮಿಂದ ಒಂದು 30x40 ಅಡಿ ಗೋಡೌನ್‌ಗೆ ಬಂದ ದಿನಾನೇ ರ್ಯಾಕ್ ತರಿಸಿ ಗೋಡೆಗೆ ಬೋಲ್ಟ್ ಹೊಡೆಸಿಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಮೊದ್ಲು ಸೀಮೆಸುಣ್ಣದಲ್ಲಿ ನೆಲದ ಮೇಲೆ ರ್ಯಾಕು, ಪ್ಯಾಕಿಂಗ್ ಟೇಬಲ್ಲು, ದಾರಿ ಎಲ್ಲ ಗೀಚಿ, ಖಾಲಿ ಟ್ರಾಲಿ ತಳ್ಕೊಂಡು ಹತ್ತು ಆರ್ಡರ್ ತೆಗೆದಂಗೆ ಓಡಾಡಿ ನೋಡಿ, ಎಲ್ಲಿ ಟ್ರಾಲಿ ತಿರುಗಲ್ಲ, ಎಲ್ಲಿ ಇಬ್ರು ಎದುರುಬದುರು ಸಿಕ್ಕಾಕೊಳ್ತಾರೆ ಅಂತ ಅಲ್ಲೇ ಗೊತ್ತಾಗುತ್ತೆ. ದಾರಿ 4 ಅಡಿ ಇದ್ರೆ ಕೈಟ್ರಾಲಿಗೆ ಸಾಕು.

ಗೋಡೌನ್‌ನಲ್ಲಿ ಅರ್ಧ ದಿನ ನಡೆಯೋದ್ರಲ್ಲೇ ಹೋಗುತ್ತೆ ಕಣ್ರೀ. ಜಾಸ್ತಿ ಓಡೋ ಐಟಂ ಟೇಬಲ್ಲಿಂದ 40 ಅಡಿ ದೂರ ಇದ್ರೆ ಹೋಗಿಬರೋಕೆ 80 ಅಡಿ, ದಿನಕ್ಕೆ 100 ಆರ್ಡರ್ ಅಂದ್ರೆ 8000 ಅಡಿ, ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್. ಅದನ್ನೇ 10 ಅಡಿಗೆ ತಂದ್ರೆ ಬರೀ 600 ಮೀಟರ್. ಸಂಜೆ ಹೊತ್ತಿಗೆ ಹುಡುಗರ ಮುಖದಲ್ಲೇ ವ್ಯತ್ಯಾಸ ಕಾಣುತ್ತೆ.

ಹಾಗಾಗಿ ಮೂರು ತಿಂಗಳ ಆರ್ಡರ್ ಲಿಸ್ಟ್ ತೆಗೆದು ಯಾವ ಐಟಂ ಎಷ್ಟು ಸಲ ಹೋಗಿದೆ ಅಂತ ಎಣಿಸಿ, ಎಷ್ಟು ದುಡ್ಡು ತಂತು ಅಂತಲ್ಲ. ಮೇಲಿನ ಹತ್ತು ಹದಿನೈದು ಐಟಂ ಟೇಬಲ್ ಪಕ್ಕದ ರ್ಯಾಕಲ್ಲಿ, ಸೊಂಟದಿಂದ ಭುಜದ ಎತ್ತರದೊಳಗೆ, ಬಗ್ಗದೆ ಏಣಿ ಹತ್ತದೆ ಸಿಗೋ ಹಾಗಿರ್ಲಿ. ಕಡಕ್ ರೊಟ್ಟಿ ತಗೊಳ್ಳೋರು ಶೇಂಗಾ ಚಟ್ನಿಪುಡಿನೂ ತಗೊಳ್ತಾರೆ, ಅವೆರಡು ಅಕ್ಕಪಕ್ಕ. ಆದ್ರೆ ಅಗಸೆ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ ಎರಡೂ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ, ಅವಸರದಲ್ಲಿ ಒಂದರ ಬದಲು ಇನ್ನೊಂದು ಹೋಗುತ್ತೆ, ಅವನ್ನ ಬೇರೆ ಬೇರೆ ರ್ಯಾಕಲ್ಲಿಡಿ.

ಉಪ್ಪಿನಕಾಯಿ ಬಾಟ್ಲಿ ಯಾವತ್ತೂ ಕೆಳಗೆ. ನಾನು ಮೊದಲನೇ ವರ್ಷ ಜಾಗ ಉಳೀಲಿ ಅಂತ ಮೇಲಿಟ್ಟಿದ್ದೆ, ರಾತ್ರಿ ಒಂದು ಮುಚ್ಚಳ ಸಡಿಲ ಆಗಿ ಎಣ್ಣೆ ತೊಟ್ಟಿಕ್ಕಿ ಕೆಳಗಿದ್ದ ಎರಡು ಕಾರ್ಟನ್ ಹಪ್ಪಳ ಪೂರ್ತಿ ಹಾಳು, ಬೆಳಿಗ್ಗೆ ಶಟರ್ ಎತ್ತಿದ್ರೆ ಬರೀ ಮಾವಿನಕಾಯಿ ಮಸಾಲೆ ವಾಸನೆ. ತಿನ್ನೋ ಐಟಂ ಆದ್ರಿಂದ ಮೊದ್ಲು ಎಕ್ಸ್‌ಪೈರಿ ಆಗೋದು ಮೊದ್ಲು ಹೊರಗೆ ಹೋಗ್ಬೇಕು, ಅದಕ್ಕೆ ರ್ಯಾಕ್‌ನ ಗೋಡೆಗೆ ಅಂಟಿಸದೆ ಹಿಂದೆ ಓಡಾಡೋ ಜಾಗ ಬಿಟ್ರೆ ಹೊಸ ಸ್ಟಾಕ್ ಹಿಂದಿಂದ ತುಂಬಿ ಹಳೇದು ಮುಂದಿಂದ ತೆಗೀಬಹುದು. ಮಳೆಗಾಲದಲ್ಲಿ ಗೋಡೆ ತೇವಾನೂ ಕಾರ್ಟನ್‌ಗೆ ತಾಗಲ್ಲ. ನೆಲದ ಮೇಲೆ ನೇರ ಏನೂ ಇಡ್ಬೇಡಿ, ಪ್ಯಾಲೆಟ್ (ಮಾಲು ನೆಲಕ್ಕೆ ತಾಗದ ಹಾಗೆ ಕೆಳಗಿಡೋ ಹಲಗೆ ಚೌಕಟ್ಟು) ಹಾಕಿ.

ಇರೋದು ಒಂದೇ ಶಟರ್ ಆದ್ರೆ ಎಡಕ್ಕೆ ಮಾಲು ಇಳಿಸಿ ಚೆಕ್ ಮಾಡೋ ಜಾಗ, ಅಲ್ಲಿಂದ ರ್ಯಾಕು, ಸುತ್ತಿ ಬಂದು ಪ್ಯಾಕಿಂಗು, ಬಲಕ್ಕೆ ಕೊರಿಯರ್‌ನೋರಿಗೆ ರೆಡಿ ಪಾರ್ಸೆಲ್. ರಿಟರ್ನ್ ಬಂದಿದ್ದಕ್ಕೆ ಬೇರೇನೇ ಒಂದು ರ್ಯಾಕ್ ಇರ್ಲಿ, ನೋಡದೆ ಸ್ಟಾಕಿಗೆ ಸೇರಿಸ್ಬೇಡಿ.

ದೀಪಾವಳಿಗೆ ಒಂದು ತಿಂಗಳು ಮುಂಚೆ ಲಿಸ್ಟ್ ಮತ್ತೆ ಎಣಿಸಿ, ಚಕ್ಕುಲಿ ಕೋಡುಬಳೆನ ಟೇಬಲ್ ಹತ್ರ ತನ್ನಿ, ಹಬ್ಬ ಮುಗಿದ್ಮೇಲೆ ವಾಪಸ್ ಹಿಂದಕ್ಕೆ.