ಫ್ಲಟರ್ ಆ್ಯಪ್‌ನಲ್ಲಿ ಪರದೆಯಿಂದ ಪರದೆಗೆ: ಮೊದಲು ಬ್ಯಾಕ್ ಬಟನ್ ಯೋಚಿಸಿ

ಒಂದು ಪರದೆಯಿಂದ ಇನ್ನೊಂದಕ್ಕೆ ಹೋಗುವುದು ಸುಲಭ. ಒಂದು ಸಾಲು ಬರೆದರೆ ಆಯಿತು. ಫಜೀತಿಯೆಲ್ಲ ಇರುವುದು ವಾಪಸ್ ಬರುವುದರಲ್ಲಿ. ಫ್ಲಟರ್ ಅಂದರೆ ಒಂದೇ ಕೋಡ್‌ನಿಂದ ಆಂಡ್ರಾಯ್ಡ್‌ಗೂ ಐಫೋನ್‌ಗೂ ಆ್ಯಪ್ ಕಟ್ಟುವ ಸಾಧನ. ಬೇರೆಯವರು ಬರೆದ ಫ್ಲಟರ್ ಕೋಡ್ ಓದಿ ಸರಿಪಡಿಸುವುದು ನನ್ನ ಕೆಲಸದ ದೊಡ್ಡ ಪಾಲು. ಅಲ್ಲಿ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಲಾಗಿನ್ ಆದಮೇಲೆ ಬ್ಯಾಕ್ ಒತ್ತಿದರೆ ಮತ್ತೆ ಲಾಗಿನ್ ಪುಟವೇ ಬರುತ್ತದೆ. ನೋಟಿಫಿಕೇಶನ್ ಒತ್ತಿ ಒಳಗೆ ಬಂದವರು ಬ್ಯಾಕ್ ಒತ್ತಿದರೆ ಆ್ಯಪ್ ಮುಚ್ಚಿಹೋಗುತ್ತದೆ. ಟ್ಯಾಬ್ ಬದಲಿಸಿ ಬಂದರೆ ಪಟ್ಟಿ ಮತ್ತೆ ಮೇಲಿನಿಂದ ಶುರು. ಹಾಗಾಗಿ ಕೋಡ್ ಮುಟ್ಟುವ ಮೊದಲು ಎಲ್ಲ ಪರದೆಗಳ ಹೆಸರು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಎದುರು ಒಂದೇ ಪ್ರಶ್ನೆಗೆ ಉತ್ತರ ಹಾಕಿ: ಇಲ್ಲಿ ಬ್ಯಾಕ್ ಒತ್ತಿದರೆ ಎಲ್ಲಿಗೆ?

ಉದಾಹರಣೆಗೆ, ಓದಿದ ಪುಸ್ತಕಗಳ ಲೆಕ್ಕ ಇಡುವ ಪುಟ್ಟ ಆ್ಯಪ್ ಅಂದುಕೊಳ್ಳೋಣ. ಪಟ್ಟಿ, ಒಂದು ಪುಸ್ತಕದ ವಿವರ, ತಿದ್ದುವ ಪುಟ, ಹೊಸದನ್ನು ಸೇರಿಸುವ ಪುಟ, ಸೆಟ್ಟಿಂಗ್ಸ್, ಲಾಗಿನ್. ಇಷ್ಟೇ. ತಿದ್ದುವ ಪುಟದಿಂದ ವಿವರಕ್ಕೆ, ವಿವರದಿಂದ ಪಟ್ಟಿಗೆ, ಪಟ್ಟಿಯಿಂದ ಹೊರಕ್ಕೆ. ಬಳಕೆದಾರ ಎಲ್ಲಿಂದ ಬಂದಿದ್ದರೂ ಈ ದಾರಿ ಬದಲಾಗಬಾರದು.

ಇಷ್ಟು ಚಿಕ್ಕ ಆ್ಯಪ್‌ಗೆ ಫ್ಲಟರ್‌ನ ಹಳೇ ನ್ಯಾವಿಗೇಟರ್ (ಪರದೆಗಳನ್ನು ಒಂದರ ಮೇಲೊಂದು ಪೇರಿಸಿಡುವ ಭಾಗ) ಸಾಕಲ್ವಾ ಅಂತ ಕೇಳಬಹುದು. ಪುಶ್ ಮಾಡಿದರೆ ಹೊಸ ಪರದೆ ಮೇಲೆ ಬಂದು ಕೂರುತ್ತದೆ, ಪಾಪ್ ಮಾಡಿದರೆ ಎದ್ದುಹೋಗುತ್ತದೆ. ನಾಲ್ಕು ಪರದೆ, ಲಾಗಿನ್ ಇಲ್ಲ, ಹೊರಗಿನ ಲಿಂಕ್ ಇಲ್ಲ ಅಂದರೆ ಖಂಡಿತ ಸಾಕು. ಲಿಂಕ್ ಒತ್ತಿ ನೇರವಾಗಿ ಒಳಗಿನ ಪರದೆಗೆ ಬರಬೇಕು ಅಂದಾಗ ಕಷ್ಟ ಶುರು. ಇದಕ್ಕಾಗಿಯೇ 2020ರಲ್ಲಿ ಫ್ಲಟರ್ 1.22ರ ಜೊತೆ ವಿಳಾಸ ನೋಡಿ ಪರದೆ ಜೋಡಿಸುವ ರೌಟರ್ ಎಪಿಐ ಬಂತು. ಜನ ಅದನ್ನು ನ್ಯಾವಿಗೇಟರ್ 2.0 ಅಂತ ಕರೆದರು. ಅದನ್ನು ನೇರವಾಗಿ ಬಳಸಲು ಸಿಕ್ಕಾಪಟ್ಟೆ ಕೋಡ್ ಬರೆಯಬೇಕು. ಅದರ ಮೇಲೆ ಕಟ್ಟಿದ ಗೋ ರೌಟರ್ ಪ್ಯಾಕೇಜ್ ಈಗ ಫ್ಲಟರ್ ತಂಡದ ಕೈಯಲ್ಲೇ ಇದೆ. ನಾನು ಹೊಸ ಆ್ಯಪ್‌ಗೆ ಅದನ್ನೇ ಹಾಕುತ್ತೇನೆ.

ಗೋ ರೌಟರ್‌ನಲ್ಲಿ ಪ್ರತಿ ಪರದೆಗೂ ವೆಬ್ ಪುಟಕ್ಕಿದ್ದಂತೆ ಒಂದು ವಿಳಾಸ. ಪಟ್ಟಿಗೆ ‘/ಬುಕ್ಸ್’. ಅದರ ಮಕ್ಕಳಾಗಿ ‘ನ್ಯೂ’ ಮತ್ತು ‘:ಐಡಿ’. ಐಡಿಯ ಮಗುವಾಗಿ ‘ಎಡಿಟ್’. ಮಕ್ಕಳಾಗಿ ಅನ್ನುವುದು ಮುಖ್ಯ. ಎಲ್ಲವನ್ನೂ ಒಂದೇ ಸಾಲಿನಲ್ಲಿ ಅಣ್ಣತಮ್ಮಂದಿರ ಹಾಗೆ ಬರೆದರೂ ಪರದೆ ತೆರೆಯುತ್ತದೆ, ಆದರೆ ಹಿಂದೆ ಯಾರೂ ಇರುವುದಿಲ್ಲ. ಒಂದರೊಳಗೊಂದು ಬರೆದರೆ ‘/ಬುಕ್ಸ್/12/ಎಡಿಟ್’ಗೆ ಎಲ್ಲಿಂದ ಹಾರಿ ಬಂದರೂ ಅಡಿಯಲ್ಲಿ ಪಟ್ಟಿ, ಅದರ ಮೇಲೆ ವಿವರ, ಅದರ ಮೇಲೆ ತಿದ್ದುವ ಪುಟ ತಾನಾಗಿ ಜೋಡಣೆಯಾಗುತ್ತವೆ. ಹಾಳೆಯಲ್ಲಿ ಬರೆದ ಉತ್ತರ ಹೀಗೆ ನೇರವಾಗಿ ಕೋಡ್‌ಗೆ ಇಳಿಯುತ್ತದೆ.

ಇಲ್ಲೊಂದು ಸಣ್ಣ ಕಿತಾಪತಿ ಇದೆ. ‘ನ್ಯೂ’ ಅನ್ನು ‘:ಐಡಿ’ಗಿಂತ ಮೊದಲೇ ಬರೆಯಬೇಕು. ರೌಟರ್ ಮೇಲಿನಿಂದ ಕೆಳಗೆ ನೋಡುತ್ತಾ ಹೋಗಿ, ಮೊದಲು ಹೊಂದಿದ್ದನ್ನೇ ಹಿಡಿದುಕೊಳ್ಳುತ್ತದೆ. ‘:ಐಡಿ’ ಮೇಲಿದ್ದರೆ ಅದಕ್ಕೆ ‘ನ್ಯೂ’ ಕೂಡ ಒಂದು ಐಡಿಯೇ. ವಿವರದ ಪುಟ ತೆರೆದು ‘ನ್ಯೂ’ ಅನ್ನುವ ಪುಸ್ತಕ ಹುಡುಕುತ್ತದೆ. ಐಡಿಯನ್ನು ಸಂಖ್ಯೆಯಾಗಿ ಬದಲಿಸುವ ಸಾಲು ಅಲ್ಲಿದ್ದರೆ ಎರರ್ ಬರುತ್ತದೆ, ಆದರೆ ಅದನ್ನು ಓದಿದವರಿಗೆ ತಪ್ಪು ರೌಟ್‌ಗಳ (ಅಂದರೆ ಹೀಗೆ ಬರೆದ ವಿಳಾಸಗಳ) ಕ್ರಮದಲ್ಲಿದೆ ಅಂತ ಹೊಳೆಯುವುದೇ ಇಲ್ಲ.

ಇನ್ನೊಂದು ಮಾತು: ಗೋ ರೌಟರ್ ವಸ್ತುವನ್ನು ವಿಜೆಟ್ (ಪರದೆಯ ಒಂದು ತುಂಡು) ತನ್ನನ್ನು ಬಿಡಿಸಿಕೊಳ್ಳುವ ಬಿಲ್ಡ್ ಮೆಥಡ್ ಒಳಗೆ ಹುಟ್ಟಿಸಬೇಡಿ. ಥೀಮ್ ಬದಲಾಗಿ ಆ ವಿಜೆಟ್ ಮತ್ತೆ ಬಿಲ್ಡ್ ಆದರೆ ಹೊಸ ರೌಟರ್ ಹುಟ್ಟಿ, ಬಳಕೆದಾರ ಸೀದಾ ಮೊದಲ ಪುಟಕ್ಕೆ ಬಂದು ಬೀಳುತ್ತಾನೆ. ಹೊರಗೆ ಒಂದೇ ಸಲ ಮಾಡಿಟ್ಟುಕೊಳ್ಳಿ.

ಈಗ ಗೋ ಮತ್ತು ಪುಶ್. ಜಾಸ್ತಿ ಗೊಂದಲ ಇಲ್ಲೇ. ಗೋ ಅಂದರೆ ‘ಈ ವಿಳಾಸಕ್ಕೆ ತಕ್ಕ ಹಾಗೆ ಪರದೆಗಳ ಇಡೀ ರಾಶಿಯನ್ನು ಹೊಸದಾಗಿ ಜೋಡಿಸು’. ಪುಶ್ ಅಂದರೆ ‘ಈಗ ಇರುವುದರ ಮೇಲೆ ಇದೊಂದನ್ನು ಇಡು’. ನಾನು ಗೋ ಅನ್ನೇ ಮಾಮೂಲಿಯಾಗಿ ಬಳಸುತ್ತೇನೆ. ಉತ್ತರ ಕೇಳಿಕೊಂಡು ವಾಪಸ್ ಬರಬೇಕಾದ ಕಡೆ ಮಾತ್ರ ಪುಶ್. ವಿವರದಿಂದ ತಿದ್ದುವ ಪುಟಕ್ಕೆ ಪುಶ್ ಮಾಡಿ ಅವೇಟ್ (ಉತ್ತರ ಬರುವವರೆಗೆ ಕಾಯುವ ಪದ) ಹಾಕಿದರೆ, ಅಲ್ಲಿ ಸೇವ್ ಆದಮೇಲೆ ‘ಟ್ರೂ’ ಕೊಟ್ಟು ಪಾಪ್ ಮಾಡಬಹುದು. ಬಳಕೆದಾರ ಸುಮ್ನೆ ಬ್ಯಾಕ್ ಒತ್ತಿ ಬಂದರೆ ಸಿಗುವುದು ನಲ್, ಅಂದರೆ ಏನೂ ಇಲ್ಲ. ಅದಕ್ಕೂ ಕೋಡ್‌ನಲ್ಲಿ ಜಾಗ ಇರಲಿ. ಅವೇಟ್ ಆದಮೇಲೆ ಕಾಂಟೆಕ್ಸ್ಟ್ (ಆ ಪರದೆಯ ಗುರುತು) ಬಳಸುವ ಮುನ್ನ, ಅದಿನ್ನೂ ಇದೆಯಾ ಅಂತ ಹೇಳುವ ‘ಮೌಂಟೆಡ್’ ನೋಡಿ. ಅಷ್ಟರಲ್ಲಿ ಆ ಪರದೆಯೇ ಹೋಗಿರಬಹುದು.

ಪರದೆಗೆ ಏನು ಕೊಟ್ಟು ಕಳಿಸಬೇಕು? ಐಡಿ ಮಾತ್ರ. ಇಡೀ ಪುಸ್ತಕದ ಆಬ್ಜೆಕ್ಟ್ ಅನ್ನು, ವಿಳಾಸದ ಜೊತೆ ಬೇರೆಯಾಗಿ ಹೋಗುವ ‘ಎಕ್ಸ್‌ಟ್ರಾ’ದಲ್ಲಿ ಹಾಕಿ ಕಳಿಸುವ ಆಸೆ ಎಲ್ಲರಿಗೂ ಆಗುತ್ತದೆ. ಕೆಲಸವೂ ಮಾಡುತ್ತದೆ, ಯಾರಾದರೂ ಲಿಂಕ್‌ನಿಂದ ನೇರ ಬರುವವರೆಗೆ. ಲಿಂಕ್‌ನಲ್ಲಿ ಎಕ್ಸ್‌ಟ್ರಾ ಇರುವುದಿಲ್ಲ. ಐಡಿ ಕೊಡಿ, ವಿವರವನ್ನು ಆ ಪರದೆಯೇ ತಂದುಕೊಳ್ಳಲಿ. ವಿಳಾಸದಿಂದ ಬರುವ ಐಡಿ ಯಾವಾಗಲೂ ಸ್ಟ್ರಿಂಗ್. ಅದು ಅಂಕಿಯೇ ಅಲ್ಲದಿರಬಹುದು, ಪುಸ್ತಕ ಅಳಿಸಿಹೋಗಿರಬಹುದು. ‘ಈ ಪುಸ್ತಕ ಸಿಗಲಿಲ್ಲ’ ಅನ್ನುವ ಪುಟ ಒಂದು ಬೇಕೇ ಬೇಕು.

ಕೆಳಗಿನ ಟ್ಯಾಬ್‌ಗಳಿಗೆ ‘ಸ್ಟೇಟ್‌ಫುಲ್ ಶೆಲ್ ರೌಟ್’ನ ಇಂಡೆಕ್ಸ್‌ಡ್ ಸ್ಟ್ಯಾಕ್ ಬಳಸಿ. ಪ್ರತಿ ಟ್ಯಾಬ್‌ಗೂ ತನ್ನದೇ ರಾಶಿ ಇರುತ್ತದೆ. ಸೆಟ್ಟಿಂಗ್ಸ್ ನೋಡಿ ವಾಪಸ್ ಬಂದರೆ ಪಟ್ಟಿ ಬಿಟ್ಟ ಜಾಗದಲ್ಲೇ ಇರುತ್ತದೆ. ಈಗಾಗಲೇ ಇರುವ ಟ್ಯಾಬ್ ಅನ್ನೇ ಮತ್ತೆ ಒತ್ತಿದರೆ ಅದರ ಮೊದಲ ಪುಟಕ್ಕೆ ಹೋಗಬೇಕು ಅಂತ ಜನ ನಿರೀಕ್ಷಿಸುತ್ತಾರೆ. ‘ಗೋ ಬ್ರಾಂಚ್’ಗೆ ‘ಇನಿಶಿಯಲ್ ಲೊಕೇಶನ್’ ಅನ್ನುವ ಆಯ್ಕೆ ಇರುವುದು ಅದಕ್ಕೇ. ತಿದ್ದುವ ಪುಟದಲ್ಲಿ ಟ್ಯಾಬ್ ಪಟ್ಟಿ ಕಾಣಬಾರದು ಅಂದರೆ, ಆ ರೌಟ್‌ಗೆ ‘ಪೇರೆಂಟ್ ನ್ಯಾವಿಗೇಟರ್ ಕೀ’ಯಾಗಿ ಬೇರಿನ ನ್ಯಾವಿಗೇಟರ್‌ನ ಕೀ ಕೊಡಿ. ಟ್ಯಾಬ್ ಮೂರರಿಂದ ಐದು ಇದ್ದರೆ ಚೆಂದ. ಆರನೆಯದು ಬೇಕು ಅನಿಸಿದರೆ ಅದು ಬಹುಶಃ ಸೆಟ್ಟಿಂಗ್ಸ್ ಒಳಗೆ ಹೋಗಬೇಕಾದ ವಸ್ತು.

ಲಾಗಿನ್ ಪುಟಕ್ಕೆ ಯಾರೂ ಪುಶ್ ಮಾಡಬಾರದು, ಯಾರೂ ಗೋ ಕೂಡ ಮಾಡಬಾರದು. ಅದು ರೀಡೈರೆಕ್ಟ್‌ನ ಕೆಲಸ, ಅಂದರೆ ಪರದೆ ತೆರೆಯುವ ಮುನ್ನ ರೌಟರ್ ಕೇಳುವ ‘ಬೇರೆ ಕಡೆ ಕಳಿಸಲಾ?’ ಅನ್ನುವ ಫಂಕ್ಷನ್‌ನದ್ದು. ಲಾಗಿನ್ ಆಗಿಲ್ಲದಿದ್ದರೆ ಲಾಗಿನ್ ವಿಳಾಸ ಕೊಡಿ, ಆಗಿದ್ದೂ ಲಾಗಿನ್ ಪುಟದಲ್ಲೇ ಇದ್ದರೆ ಪಟ್ಟಿಯ ವಿಳಾಸ ಕೊಡಿ, ಉಳಿದಂತೆ ನಲ್, ಅಂದರೆ ಹೊರಟ ಕಡೆಗೇ ಹೋಗಲಿ. ‘ಆಗಲೇ ಲಾಗಿನ್ ಪುಟದಲ್ಲಿದ್ದಾನಾ’ ಅನ್ನುವ ಪರೀಕ್ಷೆ ಮರೆತರೆ ರೌಟರ್ ಗಿರಗಿರ ತಿರುಗಿ ಎರರ್ ಕೊಡುತ್ತದೆ. ರೀಡೈರೆಕ್ಟ್‌ಗೆ ಡೀಫಾಲ್ಟ್ ಮಿತಿ 5. ಲಾಗಿನ್ ಸ್ಥಿತಿಯನ್ನು ಚೇಂಜ್ ನೋಟಿಫೈಯರ್‌ನಲ್ಲಿಟ್ಟು (ಬದಲಾದರೆ ಸುದ್ದಿ ಕೊಡುವ ವಸ್ತು) ‘ರಿಫ್ರೆಶ್ ಲಿಸನಬಲ್’ಗೆ ಕೊಟ್ಟರೆ, ಲಾಗ್‌ಔಟ್ ಆದ ಕ್ಷಣವೇ ರೀಡೈರೆಕ್ಟ್ ಮತ್ತೆ ಓಡುತ್ತದೆ. ಸ್ಥಿತಿ ಎರಡಲ್ಲ, ಮೂರು: ಇದ್ದಾನೆ, ಇಲ್ಲ, ಇನ್ನೂ ಗೊತ್ತಿಲ್ಲ. ಮೂರನೆಯದನ್ನು ‘ಇಲ್ಲ’ ಅಂತ ಹಿಡಿದರೆ ಆ್ಯಪ್ ತೆರೆದಾಗಲೆಲ್ಲ ಲಾಗಿನ್ ಪುಟ ಒಮ್ಮೆ ಮಿಂಚಿ ಮಾಯವಾಗುತ್ತದೆ. ನೋಡಲು ಅಸಹ್ಯ.

ಇನ್ನು ಅರ್ಧ ತಿದ್ದಿದ ಪುಟ. ಸೇವ್ ಮಾಡದೆ ಬ್ಯಾಕ್ ಒತ್ತಿದರೆ ಕೇಳಬೇಕು ಅಲ್ವಾ? ಮೊದಲೆಲ್ಲ ಇದಕ್ಕೆ ‘ವಿಲ್ ಪಾಪ್ ಸ್ಕೋಪ್’ ಇತ್ತು. ಈಗ ಅದನ್ನು ಕೈಬಿಟ್ಟು ‘ಪಾಪ್ ಸ್ಕೋಪ್’ ತಂದಿದ್ದಾರೆ. ಕಾರಣ ಆಂಡ್ರಾಯ್ಡ್‌ನ ಪ್ರೆಡಿಕ್ಟಿವ್ ಬ್ಯಾಕ್. ಬೆರಳು ಎಳೆಯುತ್ತಿರುವಾಗಲೇ ಹಿಂದಿನ ಪರದೆ ಇಣುಕಬೇಕಾದ್ದರಿಂದ, ಹೋಗಬಹುದಾ ಇಲ್ಲವಾ ಅನ್ನುವುದು ಮೊದಲೇ ಗೊತ್ತಿರಬೇಕು. ‘ಕ್ಯಾನ್ ಪಾಪ್’ಗೆ, ಏನೂ ಬದಲಾಗಿಲ್ಲದಿದ್ದರೆ ಟ್ರೂ, ಬದಲಾಗಿದ್ದರೆ ಫಾಲ್ಸ್. ಕಾಲ್‌ಬ್ಯಾಕ್‌ನ ಮೊದಲ ಸಾಲಲ್ಲೇ ‘ಡಿಡ್ ಪಾಪ್’ ಟ್ರೂ ಇದ್ದರೆ ರಿಟರ್ನ್ ಆಗಿ. ಇಲ್ಲದಿದ್ದರೆ, ‘ಬಿಟ್ಟುಹೋಗು’ ಒತ್ತಿ ನೀವೇ ಪಾಪ್ ಮಾಡಿದಾಗ ಅದೇ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ಐಫೋನ್‌ನಲ್ಲಿ ಕ್ಯಾನ್ ಪಾಪ್ ಫಾಲ್ಸ್ ಇದ್ದಾಗ ಅಂಚಿನಿಂದ ಎಳೆಯುವುದು ಸುಮ್ಮನೆ ನಿಂತುಹೋಗುತ್ತದೆ, ಪ್ರಶ್ನೆಯೂ ಬರುವುದಿಲ್ಲ. ಆದ್ದರಿಂದ ಮೇಲಿನ ಬ್ಯಾಕ್ ಬಾಣವನ್ನು ಆ ಪುಟದಲ್ಲಿ ಮಾತ್ರ ಯಾವತ್ತೂ ಬಚ್ಚಿಡಬೇಡಿ.

ಫ್ಲಟರ್‌ನಂಥದ್ದೇ ಇನ್ನೊಂದು ಸಾಧನವಾದ ರಿಯಾಕ್ಟ್ ನೇಟಿವ್‌ನವರಿಗೂ ಹಾಳೆಯ ಲೆಕ್ಕ ಇದೇ. ಹೆಸರುಗಳಷ್ಟೇ ಬೇರೆ. ಅಲ್ಲಿ ಪರದೆ ಬದಲಿಸುವ ರಿಯಾಕ್ಟ್ ನ್ಯಾವಿಗೇಶನ್‌ನ 7ನೇ ಆವೃತ್ತಿಯಲ್ಲಿ ‘ನ್ಯಾವಿಗೇಟ್’ ಹಳೇ ಪರದೆಗೆ ಹಿಂದಿರುಗುವುದಿಲ್ಲ, ಅದಕ್ಕೆ ‘ಪಾಪ್ ಟು’ ಬಳಸಬೇಕು ಅನ್ನುವುದೊಂದು ನೆನಪಿರಲಿ.

ಕೊನೆಗೆ ಲಿಂಕ್ ಪರೀಕ್ಷೆ. ಆಂಡ್ರಾಯ್ಡ್‌ಗೆ ಎಡಿಬಿ, ಐಫೋನ್ ಸಿಮ್ಯುಲೇಟರ್‌ಗೆ ಸಿಮ್‌ಸಿಟಿಎಲ್ ಅನ್ನುವ ಕಮಾಂಡ್‌ಗಳಿಂದ ಕಂಪ್ಯೂಟರ್‌ನಲ್ಲೇ ಕೂತು ವಿಳಾಸ ಕಳಿಸಬಹುದು. ಆ್ಯಪ್ ತೆರೆದಿದ್ದಾಗ ಒಮ್ಮೆ, ಪೂರ್ತಿ ಮುಚ್ಚಿದ್ದಾಗ ಒಮ್ಮೆ ನೋಡಿ. ಎರಡೂ ಸಲ ಪುಸ್ತಕ 12 ತೆರೆಯಬೇಕು, ಬ್ಯಾಕ್ ಒತ್ತಿದರೆ ಪಟ್ಟಿ ಬರಬೇಕು. ಇಲ್ಲಿ ಸರಿಯಿದ್ದು, ಪ್ಲೇ ಸ್ಟೋರ್‌ನಿಂದ ಇಳಿಸಿದ ಆ್ಯಪ್‌ನಲ್ಲಿ ಮಾತ್ರ ಲಿಂಕ್ ಬ್ರೌಸರ್‌ನಲ್ಲಿ ತೆರೆದುಕೊಂಡರೆ ನಿಮ್ಮ ಸೈಟ್‌ನ ಅಸೆಟ್‌ಲಿಂಕ್ಸ್ ಫೈಲ್ (ಈ ಲಿಂಕ್‌ಗಳನ್ನು ಯಾವ ಆ್ಯಪ್ ತೆರೆಯಬಹುದು ಅಂತ ಹೇಳುವುದು) ತೆಗೆದು ನೋಡಿ. ಆ್ಯಪ್‌ಗೆ ಸಹಿ ಹಾಕುವುದು ಪ್ಲೇ ಆಗಿದ್ದರೆ ಅಲ್ಲಿರಬೇಕಾದ ಫಿಂಗರ್‌ಪ್ರಿಂಟ್ (ಕೀಯ ಗುರುತು) ನಿಮ್ಮ ಅಪ್‌ಲೋಡ್ ಕೀಯದ್ದಲ್ಲ. ಪ್ಲೇ ಕನ್ಸೋಲ್‌ನಲ್ಲಿ ಕಾಣುವ ಆ್ಯಪ್ ಸೈನಿಂಗ್ ಕೀಯದ್ದು.