ಪುಸ್ತಕದ ಪಟ್ಟಿ ಬಿಟ್ಟೆ, ಪುಟದ ಸಂಖ್ಯೆ ಕೊಟ್ಟೆ

"ಮೂಡಲ್‌ನಲ್ಲಿ ಲೈಬ್ರರಿ ಲಿಂಕ್ ಹಾಕಿದ್ರೆ ಯಾರು ನೋಡ್ತಾರೆ ಮೇಡಂ? ಪಾಸಾಗೋಕೆ ಗೈಡ್ ಸಾಕು." ಮೂಡಲ್ ಅಂದರೆ ನಮ್ಮ ಕಾಲೇಜಿನ ಆನ್‌ಲೈನ್ ಪಾಠದ ತಾಣ, ನಾನು ಆ ಕಾಲೇಜಿನ ಲೈಬ್ರೇರಿಯನ್. 2018ರಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಹೀಗೆ ಹೇಳಿದ್ದ ಕಾಮರ್ಸ್ ಮೇಷ್ಟ್ರು ಮೊನ್ನೆ ನನ್ನ ಟೇಬಲ್ ಹತ್ತಿರ ಬಂದು, "ನಮ್ಮ ಪೇಪರಿಗೂ ಒಂದು ಓದುಪಟ್ಟಿ ಮಾಡಿಕೊಡಿ" ಅಂದರು. ಅವತ್ತು ಮನೆಗೆ ಹೋಗುವಾಗ ಧಾರವಾಡ ಪೇಡ ಕಟ್ಟಿಸಿಕೊಂಡು ಹೋದೆ. ಪ್ರತಿ ಪೇಪರಿಗೂ ಏನು ಓದಬೇಕು ಅಂತ ಮೂಡಲ್‌ನಲ್ಲಿ ಹಾಕುವ ಎಂಟು ವರ್ಷದ ಕೆಲಸ ಇದು. ಸಂತೋಷ ಆಗಲೇಬೇಕು ಅಲ್ವಾ?

ನಮ್ಮದು ತಾಲೂಕು ಕೇಂದ್ರದ ಅನುದಾನಿತ ಪದವಿ ಕಾಲೇಜು. ವಿದ್ಯಾರ್ಥಿಗಳು ಸುಮಾರು 1,100. ಮುಕ್ಕಾಲು ಪಾಲು ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು. ಪುಸ್ತಕ 31 ಸಾವಿರದ ಆಸುಪಾಸು. ಸಿಬ್ಬಂದಿ ಅಂದರೆ ನಾನು ಮತ್ತು ಒಬ್ಬ ಅಟೆಂಡರ್. ಪುಸ್ತಕಗಳ ಲೆಕ್ಕ ಇಡುವ ಕೋಹಾ ತಂತ್ರಾಂಶ ಇದೆ, ಮೂಡಲ್ ಇದೆ, ಕಾಲೇಜುಗಳಿಗೆ ಇ-ಪುಸ್ತಕ, ಇ-ಪತ್ರಿಕೆ ಕೊಡುವ ಎನ್-ಲಿಸ್ಟ್ ಇದೆ.

ಮೊದಲ ಸಲ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸಿಲಬಸ್ಸಿನ ಕೊನೆಯಲ್ಲಿ ಇರುವ ರೆಫರೆನ್ಸ್ ಪುಸ್ತಕಗಳನ್ನು ಹಾಗೇ ಟೈಪ್ ಮಾಡಿ ಕೋರ್ಸ್ ಪೇಜಿನ ತಲೆಯ ಮೇಲೆ ಹಾಕಿದೆ. ಒಂದು ಪೇಪರಿಗೆ 38 ಪುಸ್ತಕ ಇದ್ದವು. ಅದರಲ್ಲಿ ನಮ್ಮ ಲೈಬ್ರರಿಯಲ್ಲಿ ಸಿಗುತ್ತಿದ್ದದ್ದು 14. ಸೆಮಿಸ್ಟರ್ ಮುಗಿದ ಮೇಲೆ ಮೂಡಲ್ ಲಾಗ್ (ಯಾರು ಏನು ತೆರೆದರು ಅನ್ನುವ ದಾಖಲೆ) ತೆಗೆದರೆ ಇಡೀ ಪಟ್ಟಿಗೆ 11 ಕ್ಲಿಕ್. ಒಬ್ಬ ಹುಡುಗಿ ಮಾತ್ರ ಮೂರು ಹೆಸರು ಚೀಟಿಯಲ್ಲಿ ಬರೆದುಕೊಂಡು ಬಂದಿದ್ದಳು. ಪುಸ್ತಕ ಕೈಗೆ ಕೊಟ್ಟೆ. ಹಾಳೆ ತಿರುವಿ ನೋಡಿ, "ಮೇಡಂ, ಇದರಲ್ಲಿ ಯಾವ ಪಾಠ ಓದಬೇಕು?" ಅಂದಳು. ನನಗೂ ಗೊತ್ತಿರಲಿಲ್ಲ. ಅವಳ ಮೇಷ್ಟ್ರನ್ನು ಕೇಳಿದೆ, ಅವರಿಗೂ ನೆನಪಿರಲಿಲ್ಲ. ಆ ಒಂದು ಪ್ರಶ್ನೆಗೆ ಉತ್ತರ ಕೊಡುವುದೇ ಪೂರ್ತಿ ಕೆಲಸ ಅಂತ ನನಗೆ ಹೊಳೆಯಲು ಮೂರೂವರೆ ವರ್ಷ ಹಿಡಿಯಿತು.

ಎರಡನೇ ಸಲ ಲಿಂಕ್ ಹಾಕಿದೆ. ಎನ್-ಲಿಸ್ಟ್ ಒಳಗೆ ಹೋಗಿ, ಲೇಖನ ತೆರೆದು, ಮೇಲಿನ ಅಡ್ರೆಸ್ ಬಾರಿನಿಂದ ಕಾಪಿ ಮಾಡಿ ಹಾಕುತ್ತಾ ಹೋದೆ. 140 ಲಿಂಕ್ ಆದವು. ಮರುದಿನ ಅರ್ಧ ಸತ್ತಿದ್ದವು. ಅದು ಆ ಹೊತ್ತಿನ ಲಾಗಿನ್‌ಗೆ ಅಂಟಿಕೊಂಡ ವಿಳಾಸ, ನಾಳೆಗೆ ಇರುವುದಿಲ್ಲ. ಎಲ್ಲ ಕಿತ್ತು ಹಾಕಿ ಮತ್ತೆ ಕೂತೆ. ಡಿಒಐ, ಅಂದರೆ ಲೇಖನದ ಕಾಯಂ ಸಂಖ್ಯೆ, ಇದ್ದರೆ ಅದು. ಜೆಸ್ಟೋರ್‌ನಂಥ ಲೇಖನ ಸಂಗ್ರಹಗಳ ಕಡೆ ಅವರೇ ಕೊಡುವ ಸ್ಥಿರ ಲಿಂಕ್. ಶೋಧಗಂಗಾ ಅನ್ನುವ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹದ ಪ್ರಬಂಧಕ್ಕೆ 10603 ಅಂತ ಶುರುವಾಗುವ ಹ್ಯಾಂಡಲ್, ಅದೂ ಸ್ಥಿರ ವಿಳಾಸವೇ. ಶೋಧಗಂಗಾವನ್ನು ನಮ್ಮವರು ಯಾಕೋ ಪಿಎಚ್‌ಡಿ ಮಾಡುವವರಿಗೆ ಮಾತ್ರ ಅಂದುಕೊಂಡಿದ್ದಾರೆ. ಅಲ್ಲಿ ಅಧ್ಯಾಯಗಳೆಲ್ಲ ಬೇರೆ ಬೇರೆ ಫೈಲುಗಳು. ಕನ್ನಡದಲ್ಲೇ ಬರೆದ ಪ್ರಬಂಧಗಳೂ ಇವೆ. ಒಂದು ಒಳ್ಳೆಯ ಎರಡನೇ ಅಧ್ಯಾಯ ಬಿಎ ಹುಡುಗರಿಗೆ ಗೈಡಿಗಿಂತ ಸಾವಿರ ಪಾಲು ಮೇಲು.

ಲಿಂಕ್ ಸರಿಹೋದ ಮೇಲೆ ಲಾಗಿನ್ ಗೋಳು. 1,100 ಜನರಲ್ಲಿ ಎನ್-ಲಿಸ್ಟ್ ಐಡಿ ಚಾಲೂ ಮಾಡಿಕೊಂಡವರು 300 ಇದ್ದಿರಬಹುದು. ನೋಟಿಸ್ ಹಾಕಿದೆ, ಕ್ಲಾಸಿಗೆ ಹೋಗಿ ಹೇಳಿದೆ, ಪ್ರಯೋಜನ ಆಗಲಿಲ್ಲ. ಈಗ ಲೈಬ್ರರಿ ಕಾರ್ಡ್ ಕೊಡುವ ಕೌಂಟರಿನಲ್ಲೇ ಒಂದು ಕಂಪ್ಯೂಟರ್ ಇಟ್ಟಿದ್ದೇನೆ. ಅಲ್ಲೇ ಪಾಸ್‌ವರ್ಡ್ ಇಟ್ಟುಕೊಂಡು, ಒಂದು ಪುಸ್ತಕ ತೆರೆದು ತೋರಿಸಿದ ಮೇಲೇ ಕಾರ್ಡ್. ಒಬ್ಬರಿಗೆ ನಾಲ್ಕು ನಿಮಿಷ. ಅಡ್ಮಿಷನ್ ಸಮಯದಲ್ಲಿ ಸಾಲು ಬಾಗಿಲಾಚೆ ಹೋಗುತ್ತದೆ, ಹೋಗಲಿ.

2020ರಲ್ಲಿ ದೊಡ್ಡ ಪೆಟ್ಟು ಬಿತ್ತು. ಲಾಕ್‌ಡೌನ್ ನಡುವೆ ನಮ್ಮ ಸರ್ವರಿನ ಹಾರ್ಡ್ ಡಿಸ್ಕ್ ಹೋಯಿತು. ಇದ್ದದ್ದು ಮಾರ್ಕ್ ದಾಖಲೆಗಳ, ಅಂದರೆ ಒಂದೊಂದು ಪುಸ್ತಕದ ವಿವರದ, ಬ್ಯಾಕಪ್ ಮಾತ್ರ. ಅದನ್ನೇ ಹೊಸದಾಗಿ ಕೋಹಾಗೆ ತುಂಬಿದೆ. ಪುಸ್ತಕಗಳೆಲ್ಲ ಬಂದವು, ಆದರೆ ಪ್ರತಿ ದಾಖಲೆಗೂ ಹೊಸ ನಂಬರ್ ಬಿತ್ತು. ಮೂಡಲ್‌ನಲ್ಲಿದ್ದ 600ಕ್ಕೂ ಜಾಸ್ತಿ ಓಪ್ಯಾಕ್ (ಲೈಬ್ರರಿಯ ಆನ್‌ಲೈನ್ ಪುಸ್ತಕ ಪಟ್ಟಿ) ಲಿಂಕ್‌ಗಳು ಹಳೇ ನಂಬರಿನವು. ಸಾರ್ವಜನಿಕ ಹಣಕಾಸು ಅಂತ ಒತ್ತಿದರೆ ಕೋಳಿ ಸಾಕಾಣಿಕೆ ತೆರೆದುಕೊಳ್ಳುತ್ತಿತ್ತು. ಆ ಎರಡು ವಾರ ನಾನು ಸರಿಯಾಗಿ ಊಟ ಮಾಡಿದ ನೆನಪಿಲ್ಲ.

ಅಂದಿನಿಂದ ಕೋಹಾ ಕೊಡುವ ದಾಖಲೆ ನಂಬರಿಗೆ ಲಿಂಕ್ ಕೊಡುವುದನ್ನೇ ಬಿಟ್ಟೆ. ಐಎಸ್‌ಬಿಎನ್ (ಪುಸ್ತಕದ ಮೇಲೆ ಅಚ್ಚಾಗಿರುವ ಅದರದೇ ಸಂಖ್ಯೆ) ಹುಡುಕುವ ಲಿಂಕ್ ಕೊಡುತ್ತೇನೆ. ಸರ್ವರ್ ಸುಟ್ಟರೂ ಐಎಸ್‌ಬಿಎನ್ ಬದಲಾಗುವುದಿಲ್ಲ. ಆದರೆ ಹಳೆಯ ಕನ್ನಡ ಪುಸ್ತಕಗಳಿಗೆ ಐಎಸ್‌ಬಿಎನ್ ಎಲ್ಲಿಂದ ಬರಬೇಕು? ನಮ್ಮ ಕನ್ನಡ ವಿಭಾಗದ ಹೆಚ್ಚುಕಡಿಮೆ ಅರ್ಧ ಹಾಗಿವೆ. ಅವಕ್ಕೆ ನನ್ನದೇ ಒಂದು ಕೋಡ್ ಕಟ್ಟಿ ದಾಖಲೆಯೊಳಗೇ ಸೇರಿಸಿದೆ. ಅದನ್ನು ಹೇಗೆ ಕಟ್ಟಿದೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಎರಡು ಸಲ ಸರ್ವರ್ ಬದಲಾಯಿಸಿದ್ದೇವೆ, ಈ ಬಗೆಯ ಒಂದು ಲಿಂಕೂ ಅಲುಗಿಲ್ಲ ಅಂತ ಮಾತ್ರ ಹೇಳುತ್ತೇನೆ.

ಕನ್ನಡದ ಇನ್ನೊಂದು ಕಷ್ಟ ಅಕ್ಷರದ್ದು. ಹಳೆಯ ದಾಖಲೆಗಳನ್ನೆಲ್ಲ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಒಂದು ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಿತ್ತು, ಓಪ್ಯಾಕಿನಲ್ಲಿ ಬರೀ ಚಿಹ್ನೆಗಳು. ಕನ್ವರ್ಟರ್ ಹಾಕಿದರೆ ನೂರಕ್ಕೆ ತೊಂಬತ್ತು ಸರಿಹೋಗುತ್ತದೆ, ಉಳಿದ ಹತ್ತು ಜೀವ ಹಿಂಡುತ್ತದೆ. 'ಸೂರ್ಯ' ಅಂತ ಹುಡುಕಿದರೆ 'ಸೂರ‍್ಯ' ಅಂತ ಟೈಪಾಗಿರುವ ಪುಸ್ತಕ ಬರುವುದಿಲ್ಲ. ಓದುವ ನಮಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇನ್ನು ಲೇಖಕರ ಹೆಸರು. ತೀ.ನಂ.ಶ್ರೀ. ಒಂದು ಕಡೆ, ಶ್ರೀಕಂಠಯ್ಯ ತೀ.ನಂ. ಇನ್ನೊಂದು ಕಡೆ, ತೀ.ನಂ. ಶ್ರೀಕಂಠಯ್ಯ ಮತ್ತೊಂದು ಕಡೆ. ಕನ್ನಡ ಐಚ್ಛಿಕ ತೆಗೆದುಕೊಂಡಿದ್ದ ಇಬ್ಬರು ಹುಡುಗಿಯರನ್ನು ಗಂಟೆಗೆ 50 ರೂಪಾಯಿಯಂತೆ ಕೂರಿಸಿದೆ. ಸುಮಾರು 9,000 ದಾಖಲೆ ತಿದ್ದಿದರು. 23 ಸಾವಿರ ಖರ್ಚಾಯಿತು. "ಇದೇ ದುಡ್ಡಲ್ಲಿ ಹೊಸ ಪುಸ್ತಕ ತಗೋಬಹುದಿತ್ತಲ್ಲ ಮೇಡಂ" ಅಂತ ಪ್ರಿನ್ಸಿಪಾಲರು ಬೇಸರ ಮಾಡಿಕೊಂಡರು. ಕಪಾಟಿನಲ್ಲಿದ್ದೂ ಹುಡುಕಿದರೆ ಸಿಗದ ಪುಸ್ತಕ ಇಲ್ಲದ ಹಾಗೇ ಸರ್, ನಾವು 9,000 ಪುಸ್ತಕ ತಗೊಂಡ ಲೆಕ್ಕ ಅಂದೆ. ಬಿಲ್ಲಿಗೆ ಸಹಿ ಬಿತ್ತು.

ದುಡ್ಡಿನ ಮಾತು ಬಂತು, ಪೂರ್ತಿ ಹೇಳಿಬಿಡುತ್ತೇನೆ. ಓದುಪಟ್ಟಿಗೆಂದೇ ತಂತ್ರಾಂಶ ಮಾರುವ ಒಂದು ಕಂಪನಿ ವರ್ಷಕ್ಕೆ 2.75 ಲಕ್ಷದ ಕೊಟೇಶನ್ ಕೊಟ್ಟಿತ್ತು. ನನ್ನ ಎರಡು ವರ್ಷದ ಒಟ್ಟು ಖರ್ಚು 60 ಸಾವಿರದ ಒಳಗೆ. ಸ್ಕ್ಯಾನರಿಗೆ 19 ಸಾವಿರ, ಹುಡುಗಿಯರಿಗೆ 23, ಸರ್ವರಿನ ಹೆಚ್ಚುವರಿ ಜಾಗಕ್ಕೆ ತಿಂಗಳಿಗೆ 650ರ ಹಾಗೆ, ಕ್ಯೂಆರ್ ಸ್ಟಿಕ್ಕರಿಗೆ 2,100. ಎನ್-ಲಿಸ್ಟಿನ 5,900 ಹೇಗೂ ಕಟ್ಟುತ್ತಿದ್ದೆವು, ಅದನ್ನು ಸೇರಿಸಿಲ್ಲ. ಸ್ಟಿಕ್ಕರಿನ ದುಡ್ಡು ಮಾತ್ರ ನೀರಿಗೆ ಹಾಕಿದಂತಾಯಿತು. ಪ್ರತಿ ಪುಸ್ತಕದ ಬೆನ್ನಿಗೂ ಅಂಟಿಸಿದ್ದೆ. ಏಪ್ರಿಲ್ ಬಿಸಿಲಿಗೆ ಗೋಂದು ಒಣಗಿ ಎಲೆ ಉದುರಿದ ಹಾಗೆ ಉದುರಿದವು. ಈಗ ಓದುಪಟ್ಟಿಯ ಪುಸ್ತಕಗಳನ್ನು ಬೇರೆ ಇಡುವ ರಿಸರ್ವ್ ರ‍್ಯಾಕಿನ ಒಂದೊಂದು ಅಂಕಣಕ್ಕೆ ಒಂದೊಂದು ದೊಡ್ಡ ಕ್ಯೂಆರ್ ಇದೆ, ಅಷ್ಟು ಸಾಕು.

ಓದುಪಟ್ಟಿಯ ಕೆಲಸ ಕುದುರಿದ್ದು 2022ರಲ್ಲಿ, ಇತಿಹಾಸದ ಪೇಪರಿನಿಂದ. ಮುಂದಿನ ವಾರ ವಿಜಯನಗರ ಶುರು ಅಂತ ಆ ಪಾಠ ಮಾಡುವ ಮೇಡಂ ಹೇಳಿದ್ದರು. ರಾಬರ್ಟ್ ಸೆವೆಲ್ 1900ರಲ್ಲಿ ತಂದ ಪುಸ್ತಕದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದದ್ದರ ಇಂಗ್ಲಿಷ್ ಅನುವಾದ ಇದೆ. ಹಕ್ಕುಸ್ವಾಮ್ಯ ಮುಗಿದ ಪುಸ್ತಕ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತ. ಮುಂಚೆ ಆಗಿದ್ದರೆ ಪುಸ್ತಕದ ಹೆಸರು ಹಾಕಿ ಸುಮ್ಮನಾಗುತ್ತಿದ್ದೆ. ಈ ಸಲ ಮಹಾನವಮಿ ಹಬ್ಬವನ್ನು ಅವನು ಕಣ್ಣಾರೆ ಕಂಡು ಬರೆದ ಹತ್ತು ಪುಟ ಮಾತ್ರ ತೆಗೆದೆ. ಮೇಡಂ 12 ಕಷ್ಟದ ಪದಗಳಿಗೆ ಕನ್ನಡ ಅರ್ಥ ಬರೆದುಕೊಟ್ಟರು. ಆ ವಾರದ ಜಾಗದಲ್ಲಿ, ಅಸೈನ್‌ಮೆಂಟ್ ಸಲ್ಲಿಸುವ ಗುಂಡಿಯ ಸರಿಯಾಗಿ ಮೇಲೆ ಹಾಕಿದೆ: "ಕ್ಲಾಸಿಗೆ ಬರುವ ಮುಂಚೆ ಓದಿ. 10 ಪುಟ, 25 ನಿಮಿಷ. ಮಹಾನವಮಿ ದಿಬ್ಬದ ಎದುರು ಏನೇನು ನಡೆಯುತ್ತಿತ್ತು ಅಂತ ನೋಡಿ ಬಂದವನ ಮಾತು."

64 ಜನರಲ್ಲಿ 58 ಜನ ತೆರೆದಿದ್ದರು. ಲಾಗ್ ನೋಡಿ ನನಗೇ ನಂಬಿಕೆ ಬರಲಿಲ್ಲ. ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ. ಹಂಪಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತು, "ಆ ದಿಬ್ಬ ನೂರು ಸಲ ಹತ್ತಿದ್ದೀನಿ ಮೇಡಂ, ಅಲ್ಲಿ ಕುಸ್ತಿ, ಕುದುರೆ ಸಾಲು, ಬಾಣಬಿರುಸು ಎಲ್ಲ ಇತ್ತು ಅಂತ ಈಗ ಗೊತ್ತಾಯ್ತು" ಅಂದಳು. ಯಾವ ಪಾಠ ಓದಬೇಕು ಅಂತ 2018ರಲ್ಲಿ ಕೇಳಿದ್ದ ಹುಡುಗಿ ನನಗೆ ಅಲ್ಲೇ ನೆನಪಾದಳು.

ಅಂದಿನಿಂದ ಇದೇ ಕ್ರಮ. ವಾರಕ್ಕೆ ಎರಡೇ ಓದು, ಅದರಲ್ಲಿ ಒಂದು ಕನ್ನಡದ್ದು. ಪುಟದ ಸಂಖ್ಯೆ, ಎಷ್ಟು ನಿಮಿಷ, ಯಾಕೆ ಓದಬೇಕು ಅಂತ ಒಂದು ಸಾಲು. ಮುದ್ರಿತ ಪುಸ್ತಕವಾದರೆ ಕಾಲ್ ನಂಬರ್ (ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ) ಮತ್ತು ರಿಸರ್ವ್ ರ‍್ಯಾಕಿನ ಅಂಕಣ. ಜೊತೆಗೆ ಇಂಟರ್ನಲ್ ಟೆಸ್ಟಿನಲ್ಲಿ ಆ ಓದಿನಿಂದ 2 ಅಂಕದ ಒಂದು ಪ್ರಶ್ನೆ. ಇದಕ್ಕೆ ಮೊದಲು ಒಪ್ಪಿದ್ದು ನಾಲ್ಕು ಜನ ಮೇಷ್ಟ್ರು. ಮೂರನೇ ಓದು ಸೇರಿಸಿದರೆ ಮೂರೂ ಓದುವುದಿಲ್ಲ, ಎರಡು ಪೇಪರಿನಲ್ಲಿ ಮಾಡಿ ನೋಡಿದ್ದೇನೆ.

ನಿಮ್ಮ ಲೈಬ್ರರಿಯಲ್ಲೂ ಇದನ್ನು ಮಾಡುವುದಾದರೆ ಮೇಷ್ಟ್ರುಗಳಿಂದ ಪಟ್ಟಿ ಕೇಳಬೇಡಿ. ಖಾಲಿ ಫಾರ್ಮ್ ಕೊಟ್ಟರೆ ಯಾರೂ ತುಂಬುವುದಿಲ್ಲ. ಅವರ ಲೆಸನ್ ಪ್ಲಾನ್ ತೆಗೆದುಕೊಂಡು, ನೀವೇ ಹುಡುಕಿ, ಮೂರು ಪುಸ್ತಕಕ್ಕೆ ಚೀಟಿ ಇಟ್ಟು ಅವರ ಟೇಬಲ್ಲಿಗೆ ಹೋಗಿ. "ಇದು ಬೇಡ, ಅದು ಇರಲಿ" ಅನ್ನುವುದಕ್ಕೆ ಹತ್ತು ನಿಮಿಷ ಸಾಕು. ಸೆಮಿಸ್ಟರಿನ ಯಾವ ವಾರ ಹೋದರೆ ಮಾತು ನಡೆಯುತ್ತದೆ ಅನ್ನುವುದು ನಿಮ್ಮ ಕಾಲೇಜು ನೋಡಿ ನೀವೇ ಕಂಡುಕೊಳ್ಳಬೇಕು. ನನ್ನ ವಾರವನ್ನು ನಾನು ಹೇಳುವುದಿಲ್ಲ.

ಸ್ಕ್ಯಾನ್ ಮಾಡಿ ಹಾಕಲು ಪ್ರಿನ್ಸಿಪಾಲರಿಗೆ ಭಯ ಇತ್ತು. ಕಾಪಿರೈಟ್ ಕಾಯ್ದೆಯ 52(1)(ಐ) ಕಲಮು, ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಕೊಟ್ಟ ತೀರ್ಪು, ಎರಡನ್ನೂ ಪ್ರಿಂಟ್ ಹಾಕಿ ಟೇಬಲ್ ಮೇಲಿಟ್ಟೆ. ಪಾಠದ ಭಾಗವಾಗಿ ಶಿಕ್ಷಕರು ಪ್ರತಿ ಮಾಡಿಕೊಡುವುದಕ್ಕೆ ಅಲ್ಲಿ ಜಾಗ ಇದೆ. ಹಾಗಾಗಿ ಸ್ಕ್ಯಾನ್ ನಾನು ಮಾಡಿದರೂ ಅಪ್‌ಲೋಡ್ ಮಾಡುವುದು ಮೇಷ್ಟ್ರೇ, ಅವರದೇ ಲಾಗಿನ್‌ನಲ್ಲಿ. ಇಡೀ ಪುಸ್ತಕ ಬೇಡ, ಬೇಕಾದ ಅಧ್ಯಾಯ ಮಾತ್ರ. ಕೋರ್ಸಿಗೆ ಸೇರಿದವರಿಗೆ ಮಾತ್ರ ಕಾಣಬೇಕು. ಸೆಮಿಸ್ಟರ್ ಮುಗಿದ ದಿನ ಮರೆ ಮಾಡುತ್ತೇವೆ. ಫೈಲು 2 ಎಂಬಿ ದಾಟಬಾರದು. ನಮ್ಮ ಮಕ್ಕಳು ಕಾಲೇಜಿನ ವೈಫೈನಲ್ಲಿ ಮೂಡಲ್ ಆ್ಯಪಿಗೆ ಇಳಿಸಿಕೊಂಡು, ಸಿಗ್ನಲ್ ಇಲ್ಲದ ಬಸ್ಸಿನಲ್ಲಿ ಓದುತ್ತಾರೆ.

ನಡುವೆ ಆಡಿಯೋ ಮಾಡಿ ನೋಡಿದೆ. ಚೆನ್ನಾಗಿ ಓದುವ ಹುಡುಗರಿಂದ ಕನ್ನಡ ಪಾಠಗಳನ್ನು ಓದಿಸಿ 11 ರೆಕಾರ್ಡಿಂಗ್ ಹಾಕಿದೆ. ಎಲ್ಲರಿಗೂ ಬೇಕಾಗುತ್ತದೆ ಅಂದುಕೊಂಡಿದ್ದೆ, ಯಾರೂ ಕೇಳಲಿಲ್ಲ. ಆದರೆ ಕಣ್ಣು ಕಾಣದ ಇಬ್ಬರು ವಿದ್ಯಾರ್ಥಿಗಳು ಹನ್ನೊಂದನ್ನೂ ಮತ್ತೆ ಮತ್ತೆ ಕೇಳಿದ್ದರು. ಅವರಿಗಾಗಿ ಅದು ನಡೆಯುತ್ತಲೇ ಇದೆ, ಈಗ 70 ದಾಟಿದೆ.

ಸಿಲಬಸ್ ಬದಲಾದರೆ ಏನು ಮಾಡ್ತೀರಿ ಅಂತ ಎಲ್ಲರೂ ಕೇಳುತ್ತಾರೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಬಂತು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ. ಪೇಪರ್ ಕೋಡ್‌ಗಳೆಲ್ಲ ಅಡಿಮೇಲು. ನಾನು ಓದುಗಳನ್ನು ಪೇಪರ್ ಹೆಸರಲ್ಲಿ ಇಡದೆ ವಿಷಯದ ಹೆಸರಲ್ಲಿ ಇಟ್ಟಿದ್ದೆ. ವಿಜಯನಗರ ಯಾವ ಸೆಮಿಸ್ಟರಿಗೆ ಹೋದರೂ ವಿಜಯನಗರವೇ ತಾನೇ? ಹತ್ತು ದಿನದಲ್ಲಿ ಮುಕ್ಕಾಲು ಪಾಲು ಹೊಸ ಜಾಗಕ್ಕೆ ಸೇರಿತು.

ಈಗ 46 ಪೇಪರ್‌ಗಳಿವೆ, ಓದುಗಳು 1,100ರ ಮೇಲೆ. ಕೌಂಟರಿನಲ್ಲಿ ದಿನಕ್ಕೆ 40 ಪುಸ್ತಕ ಹೋಗುತ್ತಿದ್ದದ್ದು 90ರ ಹತ್ತಿರ ಬಂದಿದೆ. ಸೆಮಿಸ್ಟರಿನ ಮೊದಲ ವಾರ ಎಲ್ಲ ಲಿಂಕ್ ಪರೀಕ್ಷೆ ಮಾಡುತ್ತೇನೆ. ನೂರಕ್ಕೆ ಆರೇಳು ಹಾಳಾಗಿರುತ್ತವೆ.

ಉಳಿದಿರುವುದು ಕಾಮರ್ಸ್. ಆ ಮೇಷ್ಟ್ರು ಹೇಳಿಕೊಡುವುದು ಆದಾಯ ತೆರಿಗೆ. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ. ಅಸೆಸ್‌ಮೆಂಟ್ ಇಯರ್ ಅನ್ನುವ ಮಾತೇ ಹೋಗಿ ಟ್ಯಾಕ್ಸ್ ಇಯರ್ ಬಂತು. ಅವರ ಕೈಯಲ್ಲಿದ್ದ ಗೈಡುಗಳೆಲ್ಲ ಹಳತಾದವು. ಇದರಲ್ಲಿ ಎರಡನೇ ಓದು ಕನ್ನಡದಲ್ಲಿ ಎಲ್ಲಿ ಸಿಗುತ್ತದೋ ನೋಡಬೇಕು, ಸಿಗದಿದ್ದರೆ ಅವರಿಂದಲೇ ನಾಲ್ಕು ಪುಟ ಬರೆಸಬೇಕು. ಶನಿವಾರ ಮಧ್ಯಾಹ್ನ ಕೂರೋಣ ಅಂದಿದ್ದಾರೆ. ಹೊಸ ಕಾಯ್ದೆಯ ಪ್ರತಿ ತೆಗೆದು ಚೀಟಿ ಇಟ್ಟಿದ್ದೇನೆ, ಆರು ಕಡೆ.